ಸೂಜಿ ಹಾಕಿಸಿದರೆ ಸಾಲದು, ಎದೆಯನ್ನೂ ನೋಡಿಸಿ

ನಾಯಿಮರಿ ಮನೆಗೆ ಬಂದ ವಾರದೊಳಗೆ ಬೆಲ್ಟು, ಬಟ್ಟಲು, ಹಾಸಿಗೆ ಎಲ್ಲ ಬಂದುಬಿಡುತ್ತದೆ. ಡಾಕ್ಟರ ಹತ್ತಿರ ಹೋದರೆ ಮಾತ್ರ ಸೂಜಿ ಹಾಕಿಸಿ, ಕಾರ್ಡಿಗೆ ಸೀಲು ಒತ್ತಿಸಿಕೊಂಡು ಓಡಿಬರುತ್ತೀರಿ. ಇದೆಂಥ ಅವಸರ? ಮೊದಲ ಲಸಿಕೆಯ ದಿನವೇ ಎದೆ ನೋಡಿಸಿ. ಸ್ಟೆತಸ್ಕೋಪನ್ನು ಎಡಗಂಕುಳಿನ ಮೇಲ್ಭಾಗಕ್ಕೂ ಇಡಲು ಹೇಳಿ, ಸಂಕೋಚಪಡಬೇಡಿ.

ತಾಯಿಯ ಹೊಟ್ಟೆಯಲ್ಲಿದ್ದಾಗ ಮರಿ ಉಸಿರಾಡುವುದಿಲ್ಲ. ಹಾಗಾಗಿ ರಕ್ತ ಒಂದು ಪುಟ್ಟ ನಾಳದ ಮೂಲಕ ಶ್ವಾಸಕೋಶವನ್ನು ತಪ್ಪಿಸಿ ಹೋಗುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಬೇಕು; ಮುಚ್ಚದಿದ್ದರೆ ಅದೇ ಪಿಡಿಎ ಎಂಬ ಹುಟ್ಟುದೋಷ. ಪೊಮೇರಿಯನ್, ಪೂಡಲ್, ಜರ್ಮನ್ ಶೆಫರ್ಡ್ ತಳಿಗಳಲ್ಲಿ, ಅದರಲ್ಲೂ ಹೆಣ್ಣುಮರಿಗಳಲ್ಲಿ ಹೆಚ್ಚು. ಎಡಗಂಕುಳಿನ ಆ ಜಾಗದಲ್ಲಿ ಅಂಗೈ ಇಟ್ಟರೆ ಹಿಟ್ಟಿನ ಗಿರಣಿಯಂತೆ ಬಿಡುವಿಲ್ಲದೆ ಗುರ್ರೆನ್ನುವುದು ಎಷ್ಟೋ ಸಲ ನಿಮಗೇ ತಿಳಿಯುತ್ತದೆ. ಬೇಗ ಗೊತ್ತಾದರೆ ನಾಳ ಮುಚ್ಚಿಸಬಹುದು, ಮರಿ ಚೆನ್ನಾಗಿ ಬಾಳುತ್ತದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು?

ಹಾಗಂತ ಮೆಲ್ಲನೆಯ ಶಬ್ದಕ್ಕೆಲ್ಲ ಗಾಬರಿಬೀಳಬೇಡಿ. ಕೆಲವು ಮರಿಗಳಲ್ಲಿ 4–5 ತಿಂಗಳೊಳಗೆ ಅದು ತಾನೇ ಹೋಗುತ್ತದೆ. ಆಗ ಮತ್ತೆ ನೋಡಿಸಿ. ಜೋರಾಗಿದ್ದರೆ ಕಾಯದೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ.

ಶಬ್ದವೇ ಇಲ್ಲವಲ್ಲ ಎಂದು ನಿಶ್ಚಿಂತೆಯಾಗಿಯೂ ಕೂರಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ಅಪರೂಪಕ್ಕೆ ಶ್ವಾಸಕೋಶದ ಒತ್ತಡ ಏರಿ, ಆ ನಾಳದಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತದೆ. ಆಗ ಶಬ್ದ ಕೇಳದೇ ಹೋಗಬಹುದು. ತಲೆಗೆ ಒಳ್ಳೆಯ ರಕ್ತ, ಹಿಂಭಾಗಕ್ಕೆ ಆಮ್ಲಜನಕ ಕಡಿಮೆಯಾದ ರಕ್ತ. ಒಸಡು ಗುಲಾಬಿ ಬಣ್ಣಕ್ಕೇ ಇರುತ್ತದೆ, ಬಾಲದ ಕೆಳಗಿನ ಒಳಚರ್ಮ ನೀಲಿಗಟ್ಟಿರುತ್ತದೆ. ನಾಲ್ಕು ಹೆಜ್ಜೆ ಓಡಿದರೆ ಹಿಂಗಾಲು ಕುಸಿಯುತ್ತದೆ. ನೀವೋ ಕಾಲಿನ ದೌರ್ಬಲ್ಯವೆಂದು ಕ್ಯಾಲ್ಸಿಯಂ ಕುಡಿಸುತ್ತಾ ಕೂರುತ್ತೀರಿ! ಓಡಿಸಿದ ಮೇಲೆ ಬಾಯಿ, ಬಾಲದ ಬುಡ ಎರಡನ್ನೂ ನೋಡಿ, ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ ತೋರಿಸಿ. ರಕ್ತ ಪರೀಕ್ಷೆಯಲ್ಲಿ ಕೆಂಪುಕಣ ಏರಿರುತ್ತದೆ. ಗುಳ್ಳೆ ಎಬ್ಬಿಸಿದ ಸಲೈನನ್ನು ಕಾಲಿನ ರಕ್ತನಾಳಕ್ಕೆ ಕೊಟ್ಟು ಸ್ಕ್ಯಾನ್ ಮಾಡಿದಾಗ, ಶ್ವಾಸಕೋಶದಲ್ಲೇ ನಿಲ್ಲಬೇಕಾದ ಗುಳ್ಳೆಗಳು ಹೊಟ್ಟೆಯ ಮಹಾಪಧಮನಿಯಲ್ಲಿ ಕಂಡರೆ ಗುಟ್ಟು ರಟ್ಟಾಯಿತು. ಇಂಥ ನಾಯಿಗೆ ನಾಳ ಮುಚ್ಚಿದರೆ ಜೀವಕ್ಕೇ ಅಪಾಯ. ಅದಕ್ಕೇ ಹೇಳುವುದು, ಸರಿಯಾದ ಪರೀಕ್ಷೆಯಾಗದೆ ಆಪರೇಷನ್ನಿಗೆ ಅವಸರಪಡಬೇಡಿ.

ದೋಷವಿರುವ ನಾಯಿಯಿಂದ ಮರಿ ಹಾಕಿಸಬೇಡಿ. ಮರಿ ಕೊಟ್ಟವರಿಗೂ ಒಂದು ಫೋನ್ ಮಾಡಿ, ಅದರ ಒಡಹುಟ್ಟಿದವುಗಳ ಎದೆಯನ್ನೂ ನೋಡಿಸಲಿ.