ಫ್ಲೂ ತಡೆಯಲು ಜೋಶಾಂದ ಒಂದೇ ಸಾಕೇ?

ಮಳೆ ಶುರುವಾದೊಡನೆ ಬಾಗಲೂರಿನ ನನ್ನ ಕ್ಲಿನಿಕ್‌ಗೆ ಬರುವವರದು ಒಂದೇ ಪ್ರಶ್ನೆ: “ಡಾಕ್ಟರ್ ಸಾಹೇಬ್ರೇ, ಮನೆಮಂದಿಗೆಲ್ಲ ಜೋಶಾಂದ ಕುಡಿಸಿದರೆ ಫ್ಲೂ ಬರಲ್ಲ ಅಲ್ವಾ?” ಯುನಾನಿ ವೈದ್ಯ ಹೌದು ಅನ್ನುತ್ತಾರೆಂಬ ನಂಬಿಕೆ ಅವರದು. ಆದರೆ ನಿಜ ಹೇಳಲೇಬೇಕು. ಜೋಶಾಂದ ಗಂಟಲಿಗೂ ಕೆಮ್ಮಿಗೂ ಹಿತ. ಫ್ಲೂ ತಗಲದಂತೆ ಕಾಯುವ ಕೆಲಸ ಲಸಿಕೆಯದು.

ನೆಗಡಿ ಬೇರೆ, ಫ್ಲೂ ಬೇರೆ

ನೆಗಡಿ ಮೆಲ್ಲಗೆ ಬರುತ್ತದೆ. ಫ್ಲೂ ಬಂದರೆ ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಯೊಳಗೆ ಜ್ವರ, ಮೈಕೈ ನೋವು, ಒಣಕೆಮ್ಮಿನಿಂದ ಹಾಸಿಗೆ ಹಿಡಿಯಬಹುದು. ನಮ್ಮಲ್ಲಿ ಇದು ಮಳೆಗಾಲದಲ್ಲೂ ಜನವರಿಯಿಂದ ಮಾರ್ಚ್‌ವರೆಗೂ ಹೆಚ್ಚು. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಹಿರಿಯರೊಬ್ಬರು ಎಚ್3ಎನ್2 ಫ್ಲೂನಿಂದ ತೀರಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆಯೂ ಬಿಪಿಯೂ ಇತ್ತು. ಹಿರಿಯರು, ಗರ್ಭಿಣಿಯರು, ಪುಟ್ಟ ಮಕ್ಕಳು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದಯದ ತೊಂದರೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಲಸಿಕೆ

ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಹಾಕಿಸುವುದು ಒಳ್ಳೆಯದು. 6 ತಿಂಗಳು ದಾಟಿದ ಮಗುವಿಗೂ ಕೊಡಬಹುದು. ಅದಕ್ಕಿಂತ ಚಿಕ್ಕ ಮಗುವಿಗೆ, ತಾಯಿ ಗರ್ಭಿಣಿಯಾಗಿದ್ದಾಗ ಹಾಕಿಸಿಕೊಂಡ ಲಸಿಕೆಯೇ ಕಾವಲು. ಹಾಕಿಸಿಕೊಂಡವರಿಗೂ ಒಮ್ಮೊಮ್ಮೆ ಫ್ಲೂ ಬರಬಹುದು, ಆದರೆ ಆಸ್ಪತ್ರೆ ಸೇರುವಷ್ಟು ಜೋರಾಗುವ ಸಂಭವ ಕಡಿಮೆ.

ನಮ್ಮ ಪಕ್ಕದ ಹೆಗಡೆ ನಗರದ ಹಜ್ ಭವನದ ಮೂಲಕ ಹೊರಡುವ ಹಾಜಿಗಳು ಲಸಿಕೆ ಹಾಕಿಸಿಕೊಂಡೇ ಹೋಗುತ್ತಾರೆ. ಹಜ್‌ಗೆ ಹೋಗುವಾಗ ಬೇಕಾದ ಎಚ್ಚರ ಮನೆಯಲ್ಲಿರುವ ಅಮ್ಮೀ ಅಬ್ಬಾಗೆ ಬೇಡವೇ? ಜೆಲಟಿನ್ ಬಗ್ಗೆ ಸಂಶಯವಿದ್ದರೆ ಮೂಗಿಗೆ ಸಿಂಪಡಿಸುವ ಲಸಿಕೆಯ ಬದಲು ಚುಚ್ಚುಮದ್ದು ಕೇಳಿ, ಪೆಟ್ಟಿಗೆಯಲ್ಲಿರುವ ಚೀಟಿಯನ್ನು ವೈದ್ಯರಿಂದ ಓದಿಸಿಕೊಳ್ಳಿ.

ಮನೆ ಮತ್ತು ಮಸೀದಿ

ಯುನಾನಿ ಶಾಸ್ತ್ರ ಆರೋಗ್ಯಕ್ಕೆ ಅತ್ಯಗತ್ಯವೆಂದು ಹೇಳುವ ಆರು ಸಂಗತಿಗಳಲ್ಲಿ ಮೊದಲನೆಯದು ಗಾಳಿ. ಚಳಿಯೆಂದು ಕಿಟಕಿ ಪೂರ್ತಿ ಮುಚ್ಚಬೇಡಿ. ನಿದ್ದೆಗೆಡಬೇಡಿ. ವುಝೂ ನಮ್ಮ ಕೈಯನ್ನು ದಿನಕ್ಕೆ ಹಲವು ಬಾರಿ ಶುಚಿಗೊಳಿಸುತ್ತದೆ. ಕೆಮ್ಮಿದ, ಸೀನಿದ ಮೇಲೆ ಸೋಪು ಹಚ್ಚಿ 20 ಸೆಕೆಂಡ್ ತೊಳೆಯುವುದನ್ನೂ ಅದರ ಜೊತೆ ರೂಢಿಸಿಕೊಳ್ಳಿ. ಎಲ್ಲರೂ ಒಂದೇ ಟವೆಲ್‌ನಲ್ಲಿ ಮುಖ ಒರೆಸುವುದು, ಒಂದೇ ಲೋಟದಲ್ಲಿ ನೀರು ಕುಡಿಯುವುದು ಬೇಡ. ಸೀನುವಾಗ ಮುಖ ಮುಚ್ಚುವುದು ಪ್ರವಾದಿವರ್ಯರ(ಸ) ಸುನ್ನತ್. ಜ್ವರವಿರುವವರು ಮನೆಯಲ್ಲೇ ನಮಾಝ್ ಮಾಡಲಿ. ಪಕ್ಕದ ಸಫ್‌ನಲ್ಲಿರುವ ಹಿರಿಯರನ್ನು ಕಾಪಾಡಿದಂತಾಗುತ್ತದೆ.

ಜೋಶಾಂದ ಯಾವಾಗ?

ಫ್ಲೂ ಬಂದಾಗ ವಿಶ್ರಾಂತಿ, ಗಂಜಿ, ಸಾಕಷ್ಟು ಬಿಸಿನೀರಿನ ಜೊತೆ ಜೋಶಾಂದ ಕುಡಿಯಬಹುದು. ಬಿಹಿದಾನ 3 ಗ್ರಾಂ, ಉನ್ನಾಬ್ 5, ಸಪಿಸ್ತಾನ್ ಅಂದರೆ ಒಣ ಚಳ್ಳೆಹಣ್ಣು 9. ಇವನ್ನು 250 ಮಿ.ಲೀ. ನೀರಿನಲ್ಲಿ ಅರ್ಧಕ್ಕಿಳಿಯುವಂತೆ ಕುದಿಸಿ, ಸೋಸಿ, ಬೆಚ್ಚಗೆ ಕುಡಿಯಿರಿ. ಇದು ದೊಡ್ಡವರ ಪ್ರಮಾಣ. ಮಕ್ಕಳಿಗೆ, ಗರ್ಭಿಣಿಯರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಬೇಡವೇ ಬೇಡ. ಲಊಕ್, ಖಮೀರಾ, ಶರಬತ್ತುಗಳಲ್ಲಿ ಸಕ್ಕರೆ ಹೆಚ್ಚಿರುತ್ತದೆಂಬುದು ಮಧುಮೇಹಿಗಳಿಗೆ ನೆನಪಿರಲಿ.

ತಡ ಮಾಡಬೇಡಿ

ಫ್ಲೂ ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ. ಅಂಗಡಿಯಿಂದ ನೀವೇ ತಂದು ನುಂಗಬೇಡಿ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ. ವೈದ್ಯರು ಬರೆದುಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಉಪಯುಕ್ತ. ಆದ್ದರಿಂದ ಮೇಲೆ ಹೇಳಿದ ಅಪಾಯವಿರುವವರು ಮೊದಲ ದಿನವೇ ವೈದ್ಯರನ್ನು ಕಾಣಲಿ. ಉಸಿರಾಟಕ್ಕೆ ಕಷ್ಟ, ಎದೆನೋವು, ತುಟಿ ನೀಲಿಗಟ್ಟುವುದು, ಮಗು ಹಾಲು ಕುಡಿಯದಿರುವುದು, ಇಳಿದ ಜ್ವರ ಮತ್ತೆ ಏರುವುದು – ಇವುಗಳಲ್ಲಿ ಯಾವುದು ಕಂಡರೂ ನನ್ನಂಥವರ ಕ್ಲಿನಿಕ್‌ಗೆ ಬಂದು ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಶಿಫಾ ನೀಡುವವನು ಅಲ್ಲಾಹನು. ಅವನು ಕೊಟ್ಟ ದಾರಿಗಳನ್ನು ಬಳಸಿ, ಆಮೇಲೆ ಅವನ ಮೇಲೆ ಭರವಸೆ ಇಡುವುದೇ ತವಕ್ಕುಲ್.