ಮುಹೂರ್ತವಿಲ್ಲದ ಖರ್ಚಿಗೆ ಬಡ್ಡಿ ಏಕೆ?

ದೊರೈ–ಭಗವಾನ್ ಜೋಡಿಯ ‘ಜೇಡರ ಬಲೆ’ ತೆರೆಗೆ ಬಂದದ್ದು 1968ರಲ್ಲಿ. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ನಾಲ್ಕರಲ್ಲೂ ಪತ್ತೇದಾರ ರಾಜ್‌ಕುಮಾರ್. ಬಾಂಡ್ ಚಿತ್ರಗಳನ್ನು ನೋಡಿ ಬೆರಗಾಗುತ್ತಿದ್ದ ಕಾಲದಲ್ಲಿ ನಮ್ಮದೇ ಭಾಷೆ ಮಾತಾಡುವ ಒಬ್ಬ ಗೂಢಚಾರನನ್ನು ಈ ಚಿತ್ರಗಳು ಕೊಟ್ಟವು. ಗೋವಾವನ್ನು, ನೇಪಾಳವನ್ನು ಹಳ್ಳಿಯ ಟೆಂಟಿನೊಳಗೇ ತೋರಿಸಿದವು. ಆ ಜಾಗಗಳನ್ನು ಒಮ್ಮೆ ಕಣ್ಣಾರೆ ನೋಡಿಬರಬೇಕೆಂಬ ಆಸೆ ದುಂದಲ್ಲ. ಮನಸ್ಸನ್ನು ಕಟ್ಟಿದ ಸಂಗತಿಗೆ ಹಣ ಕೊಡುವುದು ಸಂಸಾರದ ಲೆಕ್ಕದಲ್ಲಿ ಮಾನವಾಗಿ ಬರೆಯಬಹುದಾದ ಖರ್ಚು ಎಂದೇ ನಾನು ನಂಬಿದ್ದೇನೆ. ಆದರೆ ಈ ಖರ್ಚಿಗೆ ಬೇರೆ ದೊಡ್ಡ ಖರ್ಚುಗಳಿಗಿಲ್ಲದ ಒಂದು ಗುಣವಿದೆ: ಇದಕ್ಕೆ ಮುಹೂರ್ತವಿಲ್ಲ. ಮದುವೆಗೆ ದಿನ ಗೊತ್ತಾಗಿರುತ್ತದೆ, ಕಾಲೇಜಿನ ಫೀಸಿಗೆ ಕೊನೆಯ ದಿನಾಂಕವಿರುತ್ತದೆ, ಆಸ್ಪತ್ರೆ ನಾಳೆ ಬಾ ಎನ್ನುವುದಿಲ್ಲ. ಅಲ್ಲೆಲ್ಲ ಸಾಲ ಮಾಡಿದವರನ್ನು ಯಾರೂ ತಪ್ಪೆನ್ನಲಾರರು. 1968ರಲ್ಲಿ ಕ್ಯಾಮೆರಾ ಇಟ್ಟ ಜಾಗಕ್ಕೆ ಅರ್ಧ ಶತಮಾನ ತಡವಾಗಿ ಹೊರಟವರು ಇನ್ನೆರಡು ಕುಯ್ಲು ಕಾದರೆ ಕಳೆದುಕೊಳ್ಳುವುದು ಬಹಳ ಕಡಿಮೆ. ಹಾಗಾಗಿ ಇಂಥ ಪ್ರವಾಸಕ್ಕೆ ಒಂದು ರೂಪಾಯಿ ಬಡ್ಡಿಯನ್ನೂ ಕಟ್ಟಬಾರದು ಎಂಬುದು ನನ್ನ ವಾದ.

ಈ ಮಾತನ್ನು ಸಕಲೇಶಪುರದ ಹೆತ್ತೂರು ಹೋಬಳಿಯಲ್ಲಿ ನಿಂತು ಹೇಳುವುದಕ್ಕೂ ತಿಂಗಳ ಸಂಬಳದ ಊರಿನಲ್ಲಿ ನಿಂತು ಹೇಳುವುದಕ್ಕೂ ವ್ಯತ್ಯಾಸವಿದೆ. ಇಲ್ಲಿ ಹಣ ಬರುವುದು ವರ್ಷಕ್ಕೊಮ್ಮೆ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗಿ, ರೊಬಸ್ಟಾ ಕುಯ್ಲು ಮುಗಿಯುವ ಹೊತ್ತಿಗೆ ಫೆಬ್ರುವರಿ ಕಳೆದಿರುತ್ತದೆ. ಮೆಣಸೂ ಅದರ ಬೆನ್ನಿಗೇ ಬರುತ್ತದೆ. ಕೈಗೆ ಬಂದ ಹಣ ಆಳಿನ ಕೂಲಿ, ಗೊಬ್ಬರ, ಮರಗಸಿ, ಬೋರ್ಡೋ ಸಿಂಪಡಣೆ ಎಂದು ವರ್ಷವಿಡೀ ಸೋರುತ್ತ ಹೋಗಿ, ಮಳೆಗಾಲ ಮುಗಿಯುವ ವೇಳೆಗೆ ಪೆಟ್ಟಿಗೆಯ ತಳ ಕಾಣುತ್ತದೆ. ಪ್ರವಾಸದ ಆಸೆ ಮೂಡುವುದೂ ಸಾಮಾನ್ಯವಾಗಿ ಆಗಲೇ. ಆಗ ಕಣ್ಣಿಗೆ ಬೀಳುವುದು ಮೂರು ದಾರಿ: ಮನೆಯ ಒಡವೆಯ ಮೇಲಿನ ಸಾಲ, ಬರುವ ಫಸಲಿನ ಮೇಲೆ ಕಾಫಿ ವ್ಯಾಪಾರಿಯಿಂದ ಪಡೆವ ಮುಂಗಡ, ಸಹಕಾರ ಸಂಘದ ಬೆಳೆ ಸಾಲ. ಕೊನೆಯದರ ಸೆಳೆತ ಹೆಚ್ಚು. ರಾಜ್ಯದ ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ಬಡ್ಡಿ ಸೊನ್ನೆ ಎಂದಾದ ಮೇಲೆ, ಅದರಲ್ಲಿ ಒಂದು ಪಾಲನ್ನು ಬೇರೆ ಕಡೆ ತಿರುಗಿಸಿದರೆ ನಷ್ಟವೇನು ಎನ್ನುವವರಿದ್ದಾರೆ. ಆ ಸೊನ್ನೆ ನಿಲ್ಲುವುದು ವಾಯಿದೆಯೊಳಗೆ ಪೂರ್ತಿ ತೀರಿಸಿದರೆ ಮಾತ್ರ. ದಿನ ತಪ್ಪಿತೋ, ಬಡ್ಡಿ ಬೀಳುತ್ತದೆ. ತೋಟಕ್ಕೆಂದು ಸರ್ಕಾರ ಬಡ್ಡಿ ಹೊತ್ತು ಕೊಟ್ಟ ಹಣ ತೋಟಕ್ಕೆ ಹೋಗದಿದ್ದರೆ ಗೊಬ್ಬರದ ಸರದಿ ತಪ್ಪುತ್ತದೆ, ಮರುವರ್ಷದ ಫಸಲೂ ಇಳಿಯುತ್ತದೆ. ಮುಂಗಡದ ಕಥೆ ಇನ್ನೂ ಕಷ್ಟದ್ದು: ಹಣ ಕೊಟ್ಟವರಿಗೇ ಕಾಫಿ ಕೊಡಬೇಕಾಗಿ ಬಂದಾಗ, ಬೆಲೆ ಏರುವವರೆಗೆ ಮೂಟೆ ಇಟ್ಟುಕೊಂಡು ಕಾಯುವ ಸ್ವಾತಂತ್ರ್ಯ ಹೋಗುತ್ತದೆ. ಆ ನಷ್ಟ ಯಾವ ರಸೀದಿಯಲ್ಲೂ ಬಡ್ಡಿ ಎಂದು ಕಾಣಿಸುವುದಿಲ್ಲ.

ಅಂಕಿಯಲ್ಲೇ ನೋಡೋಣ. ದಂಪತಿಗೆ ನೇಪಾಳ ಯಾತ್ರೆಗೆ ಒಂದು ಲಕ್ಷ ರೂಪಾಯಿ ಬೇಕೆಂದು ಇಟ್ಟುಕೊಳ್ಳಿ. ಶೇ 14ರ ವೈಯಕ್ತಿಕ ಸಾಲ ತೆಗೆದು ಎರಡು ವರ್ಷದಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 4,800. ಕಟ್ಟುವ ಒಟ್ಟು ಮೊತ್ತ 1,15,000 ದಾಟುತ್ತದೆ. ಅದರ ಬದಲು ಈ ಸಲದ ಕುಯ್ಲಿನ ಹಣದಿಂದ 48,000 ತೆಗೆದು ಒಂದು ವರ್ಷದ ಠೇವಣಿಗೆ ಹಾಕಿದರೆ, ಶೇ 6.5ರ ದರದಲ್ಲಿ ಅದು 51,000 ಆಗುತ್ತದೆ. ಮುಂದಿನ ಕುಯ್ಲಿನಲ್ಲಿ 49,000 ಸೇರಿಸಿದರೆ ಲಕ್ಷ ತುಂಬಿತು. ಕೈಯಿಂದ ಹೋದದ್ದು 97,000. ಅದೇ ಕಾಠ್ಮಂಡು, ಅದೇ ಕೋಣೆ, ನಡುವೆ 18,000ದ ಅಂತರ. ಗೋವಾಕ್ಕೆ ಸಕಲೇಶಪುರದಲ್ಲಿ ರೈಲು ಹತ್ತಿ, ಕಾರವಾರದ ದಾರಿಯಲ್ಲಿ ಹೋಗಿಬರುವ ಪ್ರಯಾಣದ ಖರ್ಚು ಈ ಅಂತರದಲ್ಲೇ ಹುಟ್ಟಿ ಇನ್ನೂ ಮಿಗುತ್ತದೆ. ಬಡ್ಡಿ ಉಳಿಸಿದವರಿಗೆ ಸರಣಿಯ ಇನ್ನೊಂದು ಚಿತ್ರದ ಊರು ಹೆಚ್ಚು ಕಡಿಮೆ ಪುಕ್ಕಟೆ ಸಿಕ್ಕಂತಾಯಿತು. ಜೊತೆಗೆ ನಮ್ಮ ಬೆಟ್ಟಗಳಲ್ಲಿ ಫಸಲು ಯಾರ ಮಾತೂ ಕೇಳುವುದಿಲ್ಲ. 2018 ಮತ್ತು 2019ರ ಆಗಸ್ಟ್ ಮಳೆಗೆ ಕಾಯಿ ಉದುರಿದ್ದು, ಗುಡ್ಡ ಜರುಗಿದ್ದು ಇಲ್ಲಿಯವರಿಗೆ ಚೆನ್ನಾಗಿ ನೆನಪಿದೆ. ಆಲೂರು–ಸಕಲೇಶಪುರದ ಆನೆಗಳು ತೋಟ ಹೊಕ್ಕರೆ ಒಂದೇ ರಾತ್ರಿಯಲ್ಲಿ ವರ್ಷದ ಲೆಕ್ಕ ಬದಲಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು, ನಿಜ. ಆದರೆ 2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ನೆಲಕಚ್ಚಿ ತೋಟಗಳು ಕೈಬದಲಾದದ್ದೂ ಇದೇ ಊರುಗಳಲ್ಲಿ. ಏರಿದ ಬೆಲೆ ಠೇವಣಿ ಇಡಲು ಒಳ್ಳೆಯ ಕಾಲವೇ ಹೊರತು, ಅದೇ ಬೆಲೆಯನ್ನು ನಂಬಿ ಸಾಲ ತೆಗೆಯಲು ಅಲ್ಲ.

ಮುಹೂರ್ತವಿಲ್ಲದಿರುವುದು ಬರೀ ಕಾಯುವ ಅನುಕೂಲವಲ್ಲ, ಚೌಕಾಸಿಯ ಬಲವೂ ಹೌದು. ಇದನ್ನು ನಾವು ಹೊರಗೆ ಹೋಗಿ ಕಲಿಯಬೇಕಿಲ್ಲ. ‘ಮುಂಗಾರು ಮಳೆ’ ಬಂದ 2006ರಿಂದೀಚೆಗೆ ಸಕಲೇಶಪುರದ ಹಸಿರನ್ನು ಹುಡುಕಿಕೊಂಡು ಬರುವವರು ಹೆಚ್ಚಿದರು. ಬಿಸಿಲೆ, ಮೂಕನಮನೆ, ಮಂಜರಾಬಾದ್ ಕೋಟೆ ಎಂದು ಬರುವವರಿಗಾಗಿ ಹೆತ್ತೂರು ಸುತ್ತಮುತ್ತ ಹೋಂಸ್ಟೇಗಳು ಎದ್ದವು. ಶನಿವಾರ–ಭಾನುವಾರ ಅವುಗಳಲ್ಲಿ ಕೋಣೆ ಸಿಗುವುದು ಕಷ್ಟ, ಮಂಗಳವಾರ ಅದೇ ಕೋಣೆ ಖಾಲಿ. ಬೆಂಗಳೂರಿನವರು ಎರಡು ದಿನದ ರಜೆಗೆ ಕಟ್ಟುಬಿದ್ದು ಹೆಚ್ಚಿನ ಬೆಲೆ ತೆರುತ್ತಾರೆ. ಮನೆ ಬಾಡಿಗೆಗೆ ಕೊಡುವ ನಮ್ಮವರಿಗೆ ಇದು ಗೊತ್ತು. ನಾವು ಪ್ರವಾಸಿಗಳಾಗಿ ಹೊರಟಾಗ ಮಾತ್ರ ಆ ತಿಳಿವಳಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತೇವೆ. ಗೋವಾ ದುಬಾರಿಯಾಗುವುದು ಡಿಸೆಂಬರ್ ಕೊನೆಯಲ್ಲಿ. ಆಗ ನಮಗೆ ಕುಯ್ಲು, ಹೇಗೂ ಹೊರಡಲಾಗುವುದಿಲ್ಲ. ಗದ್ದೆ ನಾಟಿ ಮುಗಿದು ತೋಟದ ಕೆಲಸ ಸ್ವಲ್ಪ ಸಡಿಲವಾಗುವ ಸೆಪ್ಟೆಂಬರ್‌ನಲ್ಲಿ ಅಲ್ಲಿ ಕೋಣೆಗಳು ಅಗ್ಗ. ಮಳೆಯಲ್ಲಿ ಕಡಲಿಗಿಳಿಯುವಂತಿಲ್ಲ, ತೀರದ ಗುಡಿಸಲು ಹೋಟೆಲುಗಳೂ ಇರುವುದಿಲ್ಲ. ಆದರೆ ಸಿ.ಐ.ಡಿ. 999ರ ಅಭಿಮಾನಿಗೆ ಬೇಕಾದದ್ದು ಈಜಲ್ಲ, ಹಳೆಯ ರಸ್ತೆ ಮತ್ತು ಮನೆಗಳ ಸಾಲು. ಪೋರ್ಚುಗೀಸರು ಹೊರಟ 1961ರಿಂದ ಏಳೇ ವರ್ಷಕ್ಕೆ ತೆಗೆದ ಚಿತ್ರದ ಗೋವಾವನ್ನು ಇಂದಿನ ಬೀದಿಗಳ ಪಕ್ಕ ಇಟ್ಟು ನೋಡುವ ಸುಖಕ್ಕೆ ಮಳೆ ಅಡ್ಡಿಯಲ್ಲ. ಮಲೆನಾಡಿನವರಿಗಂತೂ ಅಲ್ಲವೇ ಅಲ್ಲ.

ಜಾಗಗಳು ಬದಲಾಗಿಬಿಡುತ್ತವಲ್ಲ, ಕಾದರೆ ಏನು ಉಳಿದೀತು ಎಂಬುದು ಇದಕ್ಕೆ ಬರುವ ಗಂಭೀರ ಆಕ್ಷೇಪ. ಅದರಲ್ಲಿ ತೂಕವಿದೆ. ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರೀಕರಣವಾದ ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪ ಕಾಠ್ಮಂಡುವಿನ ದರ್ಬಾರ್ ಚೌಕದ ಗುಡಿಗಳನ್ನೂ ಧರಹರಾ ಗೋಪುರವನ್ನೂ ಕೆಡವಿತು. 1974ರ ಬಾಂಡ್ ಚಿತ್ರದಿಂದ ಹೆಸರಾದ ಥಾಯ್ಲೆಂಡಿನ ದ್ವೀಪದಲ್ಲಿ, ಕಂಬದಂತೆ ನಿಂತ ಬಂಡೆಯ ಬುಡಕ್ಕೆ ಈಗ ದೋಣಿಗಳನ್ನು ಬಿಡುವುದಿಲ್ಲ. ಜನ ಹೆಚ್ಚಾಗಿ ಕಲ್ಲು ಸವೆಯಿತು. ಆದರೂ ಈ ಉದಾಹರಣೆಗಳು ಸಾಲದ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಭೂಕಂಪ ಯಾವ ವರ್ಷ ಬರುತ್ತದೆಂದು ಸಾಲ ಮಾಡಿ ಹೊರಟವರಿಗೂ ಗೊತ್ತಿರುವುದಿಲ್ಲ. ಇನ್ನೊಂದು ಕಡೆ ಸಿನಿಮಾದ ಜಾಗಗಳಿಗೆ ವಿಚಿತ್ರವಾದ ಆಯುಸ್ಸೂ ಇದೆ. 1969ರ ಬಾಂಡ್ ಚಿತ್ರಕ್ಕಾಗಿ ಸ್ವಿಟ್ಜರ್ಲೆಂಡಿನ ಶಿಲ್ಟ್‌ಹಾರ್ನ್ ಶಿಖರದಲ್ಲಿ ಬಳಸಿಕೊಂಡ ತಿರುಗುವ ಹೋಟೆಲ್ ಇಂದಿಗೂ ಚಿತ್ರದೊಳಗಿನ ‘ಪಿಟ್ಸ್ ಗ್ಲೋರಿಯಾ’ ಎಂಬ ಹೆಸರನ್ನೇ ಹೊತ್ತು ನಡೆಯುತ್ತಿದೆ. ಉದಯಪುರದ ಸರೋವರದ ಅರಮನೆ 1983ರ ‘ಆಕ್ಟೋಪಸಿ’ಯ ನಂತರ ಎಲ್ಲಿಗೂ ಹೋಗಿಲ್ಲ. ಮೆಕ್ಸಿಕೋ ನಗರದಲ್ಲಂತೂ 2015ರ ‘ಸ್ಪೆಕ್ಟರ್’ ಚಿತ್ರಕ್ಕಾಗಿ ಕಟ್ಟಿದ ಮೃತರ ದಿನದ ಮೆರವಣಿಗೆಯನ್ನು ನೋಡಿ, ಮರುವರ್ಷದಿಂದ ನಗರವೇ ನಿಜವಾದ ಮೆರವಣಿಗೆ ಆರಂಭಿಸಿತು. ಮೊದಲು ಹೋದವರಿಗಿಂತ ತಡವಾಗಿ ಹೋದವರಿಗೇ ಅಲ್ಲಿ ನೋಡಲು ಹೆಚ್ಚು ಸಿಕ್ಕಿತು.

ಬಡ್ಡಿಯಿಲ್ಲದ ಕಂತಿನಲ್ಲಿ ಪ್ಯಾಕೇಜ್ ಸಿಗುತ್ತದಲ್ಲ ಎಂಬುದು ಇನ್ನೊಂದು ಮಾತು. ಇಂಥ ಕಂತುಗಳಲ್ಲಿ ಸಂಸ್ಕರಣಾ ಶುಲ್ಕ ಇರಬಹುದು. ನಗದು ಕೊಡುವವರಿಗೆ ಸಿಗುವ ರಿಯಾಯಿತಿ ಕೈತಪ್ಪಬಹುದು. ಬ್ಯಾಂಕು ಬಡ್ಡಿ ಎಂದು ತೋರಿಸಿದ ಮೊತ್ತದ ಮೇಲೆ ಜಿಎಸ್‌ಟಿ ಬೀಳಬಹುದು. ಕಂತಿನ ಒಟ್ಟು ಮೊತ್ತ ಮತ್ತು ನಗದು ಬೆಲೆ ಎರಡನ್ನೂ ಕಾಗದದ ಮೇಲೆ ಬರೆಸಿಕೊಂಡರೆ ಸತ್ಯ ತಾನೇ ತೋರುತ್ತದೆ. ಕಾಫಿ ಬೆಳೆಗಾರರು ವಿಶೇಷವಾಗಿ ಗಮನಿಸಬೇಕಾದದ್ದು ತೆರಿಗೆ. 2020ರ ಅಕ್ಟೋಬರ್‌ನಿಂದ ವಿದೇಶ ಪ್ರವಾಸದ ಪ್ಯಾಕೇಜ್ ಮಾರುವವರು ಮೂಲದಲ್ಲೇ ತೆರಿಗೆ ವಸೂಲಿ ಮಾಡಬೇಕು, ಅಂದರೆ ಟಿಸಿಎಸ್. ದರ ಆಗಾಗ ಬದಲಾಗಿದೆ, ಹೊರಡುವ ವರ್ಷದ್ದನ್ನು ಕೇಳಿ ತಿಳಿಯಬೇಕು. ಇದು ಆದಾಯ ತೆರಿಗೆಗೆ ಹೊಂದಿಕೆಯಾಗುತ್ತದೆ, ಹೆಚ್ಚಾದದ್ದು ವಾಪಸು ಬರುತ್ತದೆ, ಆದರೆ ರಿಟರ್ನ್ಸ್ ಸಲ್ಲಿಸಿದವರಿಗೆ ಮಾತ್ರ. ಬೆಳೆದ ಕಾಫಿಯನ್ನು ಸಂಸ್ಕರಿಸದೆ ಮಾರಿ ಪೂರ್ತಿ ಕೃಷಿ ಆದಾಯವೆಂದು ನೆಮ್ಮದಿಯಾಗಿರುವ, ರಿಟರ್ನ್ಸ್ ಹಾಕುವ ಅಭ್ಯಾಸವೇ ಇಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರ ಹಣ ಅಲ್ಲೇ ಉಳಿದುಬಿಡುತ್ತದೆ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಬೇಡ, ಮತದಾರರ ಗುರುತಿನ ಚೀಟಿಯಲ್ಲೂ ಹೋಗಬಹುದು. ನಮ್ಮ 100 ರೂಪಾಯಿಗೆ ಅಲ್ಲಿ 160 ಎಂಬ ದರ 1993ರಿಂದ ಕದಲಿಲ್ಲ. ಇಷ್ಟು ಸಲೀಸಾದ ದೇಶಕ್ಕೆ ಪ್ಯಾಕೇಜ್ ಬಿಟ್ಟು, ವಿಮಾನದ ಟಿಕೆಟ್ ಮತ್ತು ಕೋಣೆಯನ್ನು ಬೇರೆ ಬೇರೆಯಾಗಿ ತಾವೇ ಕಾದಿರಿಸುವುದು ಲೇಸು. ದಸರಾ ವೇಳೆ ಅಲ್ಲಿ ದಶೈನ್ ಹಬ್ಬ, ಅಂಗಡಿ ಮುಂಗಟ್ಟು ಮುಚ್ಚಿರುತ್ತವೆ, ಆ ವಾರ ತಪ್ಪಿಸಬೇಕು.

ನನ್ನ ವಾದ ನಿಜವಾಗಿ ಬಾಗಬೇಕಾದದ್ದು ವಯಸ್ಸಿನ ಮುಂದೆ. ‘ಜೇಡರ ಬಲೆ’ಯನ್ನು ಬಿಡುಗಡೆಯಾದಾಗಲೇ ನೋಡಿದ ಹದಿಹರೆಯದವರಿಗೆ ಈಗ ಎಪ್ಪತ್ತು ದಾಟಿದೆ. ಅವರ ಮಂಡಿಗೆ, ಅವರ ಉಸಿರಿಗೆ ಒಂದು ಗಡುವು ಇದ್ದೇ ಇದೆ; ಇನ್ನೆರಡು ಕುಯ್ಲು ಕಾಯಿರಿ ಎಂದು ಅವರಿಗೆ ಹೇಳುವ ಧೈರ್ಯ ನನಗಿಲ್ಲ, ಹೇಳುವುದು ಸರಿಯೂ ಅಲ್ಲ. ಆದರೆ ಆ ತುರ್ತಿಗೂ ಉತ್ತರ ಸಾಲವಾಗಬೇಕಿಲ್ಲ. ಅವರ ಹೆಸರಿನಲ್ಲೇ ಇರುವ ಠೇವಣಿಯನ್ನು ಮೊಮ್ಮಕ್ಕಳಿಗೆಂದು ಮುಟ್ಟದೆ ಕಾಯುತ್ತಿರುವ ಮನೆಗಳಲ್ಲಿ ಮಕ್ಕಳೇ ಮುಂದೆ ಬಂದು ಅದನ್ನು ಒಡೆಸಬೇಕು. ಅವಧಿಗೆ ಮುನ್ನ ಒಡೆದರೆ ಬ್ಯಾಂಕು ಸ್ವಲ್ಪ ಬಡ್ಡಿ ಕಡಿತ ಮಾಡೀತು, ಅಷ್ಟನ್ನು ಕೊಡಲು ಇದಕ್ಕಿಂತ ಒಳ್ಳೆಯ ಕಾರಣ ಸಿಗಲಾರದು. ಅಪ್ಪ ಅಮ್ಮನನ್ನು ಮೊದಲು ಗೋವಾಕ್ಕೆ ಕರೆದೊಯ್ಯಿರಿ, ಕೆಳಗಿನ ಬರ್ತ್ ಸಿಗುವಂತೆ ರೈಲಿನ ಟಿಕೆಟನ್ನು ಬೇಗ ಮಾಡಿಸಿ. ಕಾಠ್ಮಂಡುವಿಗೆ ಹಣ ಕೂಡುವವರೆಗೆ ಕಾಯುವ ಸರದಿ ಮನೆಯ ಕಿರಿಯರದಾಗಲಿ.