ಮೇಣದಲ್ಲಿರುವಾಗಲೇ ನೋಡಿಬಿಡಿ

ಅಜ್ಜಿಯ ಕೆಂಪುಕಲ್ಲಿಗೆ ಹೊಸ ಉಂಗುರ ಮಾಡಿಸುವ ಆಸೆಯೇ? ಮೊದಲು ಕಲ್ಲನ್ನು ಅಕ್ಕಸಾಲಿಗರಿಗೆ ತೋರಿಸಿ ಅಳತೆ ತೆಗೆಸಿ, ವಿನ್ಯಾಸ ಆಮೇಲೆ. ಎರಕದ ಉಂಗುರ ಮೊದಲು ಮೇಣದಲ್ಲಿ ಹುಟ್ಟುತ್ತದೆ. ಆ ಮಾದರಿಯ ಸುತ್ತ ಕಲಸಿದ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಕುಲುಮೆಯಲ್ಲಿ ಕಾಯಿಸುತ್ತಾರೆ. ಮೇಣ ಕರಗಿ ಉರಿದುಹೋಗಿ, ಉಳಿದ ಪೊಳ್ಳಿಗೆ ಕರಗಿದ ಚಿನ್ನ ಇಳಿಯುತ್ತದೆ. ಹಾಗಾಗಿ ಮೇಣದ ಮಾದರಿಯ ಮೇಲೆ ಕಲ್ಲಿಟ್ಟು ಕಣ್ಣಾರೆ ನೋಡದೆ ಒಪ್ಪಿಗೆ ಕೊಡಲೇಬೇಡಿ. ಎತ್ತರ ಹೆಚ್ಚೆನಿಸಿದರೆ ಆಗ ಕೆರೆದರೆ ಸಾಕು, ಚಿನ್ನವಾದ ಮೇಲೆ ಬಲು ಕಷ್ಟ. ದಿನವೂ ತೊಡುವುದಾದರೆ 22 ಕ್ಯಾರೆಟ್ಟಿನ ಹಟ ಬೇಡ. ಶೇ 75ರಷ್ಟು ಚಿನ್ನವಿರುವ 18 ಕ್ಯಾರೆಟ್ ಹೆಚ್ಚು ಗಟ್ಟಿ, ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ನಿಮ್ಮದು ಕೆಂಪಲ್ಲ, ಪಚ್ಚೆಯಾದರೆ ಅದರಲ್ಲಿ ಒಳಬಿರುಕು ಸಾಮಾನ್ಯ, ಅದಕ್ಕೆ ಅಂಚನ್ನು ಪೂರ್ತಿ ಸುತ್ತುವ ಕಟ್ಟನ್ನೇ ಕೇಳಿ. ಬಿಲ್ಲಿನಲ್ಲಿ ಚಿನ್ನದ ತೂಕ, ಕಲ್ಲಿನ ತೂಕ ಬೇರೆ ಬೇರೆ ಬರೆಸಿಕೊಳ್ಳಿ.